ಎಪ್ಪತ್ತೆರಡರ ತಾಯಿಗೆ ಉಳಿದ ಹಲ್ಲನ್ನೆಲ್ಲ ಕೀಳಿಸಿ ಸೆಟ್ಟು ಹಾಕಿಸಬೇಕೆ?

ಪ್ರಶ್ನೆ: ನಾವು ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು. ನಮ್ಮ ಅವ್ವನಿಗೆ ಈಗ 72 ವರ್ಷ. ಬಾಯಲ್ಲಿ 17 ಹಲ್ಲು ಉಳಿದಿವೆ. ಕೆಳಗಿನ ಮುಂದಿನ ನಾಲ್ಕು ಹಲ್ಲು ಅಲುಗಾಡುತ್ತವೆ, ಎರಡು ದವಡೆ ಹಲ್ಲು ಬುಡದಲ್ಲಿ ಕಪ್ಪಾಗಿ ಹುಳುಕು ಹಿಡಿದಿವೆ. ಮೊದಲಿನಿಂದಲೂ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಹನ್ನೆರಡು ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಅವುಗಳ ಮಾತ್ರೆಯ ಜೊತೆಗೆ ಹೃದಯಕ್ಕೆಂದು ಆಸ್ಪಿರಿನ್, ಕಾಲು ಉರಿಗೆಂದು ರಾತ್ರಿ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾಳೆ. ಬಾಯಿ ಸದಾ ಒಣಗುತ್ತದೆ ಎಂದು ಕಲ್ಲುಸಕ್ಕರೆ ಚೀಪುತ್ತಾಳೆ. ಊಟವಾದ ಮೇಲೆ ಎಲೆ-ಅಡಿಕೆ, ತಂಬಾಕಿನ ರೂಢಿ ಇದೆ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸದೆ ತಿನ್ನಲಾಗುವುದಿಲ್ಲ. ಹತ್ತಿರದ ಹಲ್ಲಿನ ದವಾಖಾನೆಯಲ್ಲಿ, ವಯಸ್ಸಾಗಿದೆ, ಇದ್ದವನ್ನೆಲ್ಲ ತೆಗೆಸಿ ಫುಲ್ ಸೆಟ್ ಹಾಕಿಸಿಬಿಡಿ ಎಂದಿದ್ದಾರೆ. ಮನೆಯಲ್ಲಿ ದೊಡ್ಡಪ್ಪನವರು ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತವೆ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ಬಾಯಿಯನ್ನು ಪರೀಕ್ಷಿಸದೆ ಯಾವ ಹಲ್ಲು ಉಳಿಯಬೇಕು, ಯಾವುದು ಹೋಗಬೇಕು ಎಂದು ಪತ್ರದ ಮೇಲೆ ತೀರ್ಮಾನ ಹೇಳಲಾಗದು. ಆದರೆ ತಾವು ಬರೆದಿರುವಷ್ಟು ವಿವರದಿಂದಲೇ ಒಂದು ಮಾತನ್ನು ಖಚಿತವಾಗಿ ಹೇಳಬಹುದು: 17 ಹಲ್ಲುಗಳನ್ನೂ ಒಟ್ಟಿಗೆ ತೆಗೆಸುವ ನಿರ್ಧಾರವನ್ನು ಸದ್ಯಕ್ಕೆ ಮುಂದೂಡಿರಿ. ನಿಮ್ಮ ತಾಯಿಯವರ ಹಲ್ಲುಗಳನ್ನು ಈ ಸ್ಥಿತಿಗೆ ತಂದ ಕಾರಣಗಳೆಲ್ಲ ನಿಮ್ಮ ಪತ್ರದಲ್ಲಿಯೇ ಇವೆ. ಸಕ್ಕರೆ ಕಾಯಿಲೆ, ಒಣಗುವ ಬಾಯಿ, ಕಲ್ಲುಸಕ್ಕರೆ, ತಂಬಾಕು. ಹಲ್ಲು ಕಿತ್ತ ಮಾತ್ರಕ್ಕೆ ಇವುಗಳಲ್ಲಿ ಒಂದೂ ಬಾಯಿ ಬಿಟ್ಟು ಹೋಗುವುದಿಲ್ಲ, ಮತ್ತು ಹೊಸ ಸೆಟ್ಟು ಕೂಡ ಇದೇ ಬಾಯಿಯಲ್ಲಿಯೇ ಕೂರಬೇಕಾಗುತ್ತದೆ. ಆದ್ದರಿಂದ ಮೊದಲು ಬಾಯಿಯನ್ನು ಸರಿಪಡಿಸಿ, ಆಮೇಲೆ ಹಲ್ಲುಗಳ ಲೆಕ್ಕ ಹಾಕುವುದು ಸರಿಯಾದ ಕ್ರಮ.

ವಯಸ್ಸಾದ ಮೇಲೆ ಹಲ್ಲು ಬೀಳುವುದು ಕೂದಲು ನೆರೆತಷ್ಟೇ ಸಹಜ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅರವತ್ತು ದಾಟಿದವರ ಹಲ್ಲುನೋವಿಗೆ ಮನೆಯವರೂ, ಒಮ್ಮೊಮ್ಮೆ ವೈದ್ಯರೂ, ಕೀಳಿಸುವುದನ್ನು ಬಿಟ್ಟು ಬೇರೆ ದಾರಿಯನ್ನು ಯೋಚಿಸುವುದೇ ಇಲ್ಲ. ಹಲ್ಲನ್ನು ಬೀಳಿಸುವುದು ವಸಡಿನ ರೋಗ ಮತ್ತು ಹುಳುಕು. ವಯಸ್ಸು ಇವೆರಡಕ್ಕೂ ಹೆಚ್ಚು ಕಾಲಾವಕಾಶ ಕೊಡುತ್ತದೆ, ಅಷ್ಟೆ. ಜಪಾನ್ ದೇಶವು 1989ರಲ್ಲಿ, 80ನೇ ವಯಸ್ಸಿನಲ್ಲಿ ಬಾಯಲ್ಲಿ ಕನಿಷ್ಠ 20 ಸ್ವಂತ ಹಲ್ಲುಗಳಿರಬೇಕು ಎಂಬ ಗುರಿಯಿಟ್ಟುಕೊಂಡು ಅಭಿಯಾನವೊಂದನ್ನು ಆರಂಭಿಸಿತು. ಆಗ ಅಸಾಧ್ಯವೆಂದು ತೋರಿದ್ದ ಆ ಗುರಿಯನ್ನು 2016ರ ಸಮೀಕ್ಷೆಯ ಹೊತ್ತಿಗೆ ಅಲ್ಲಿನ ಆ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಟ್ಟಿದ್ದರು. ಇಪ್ಪತ್ತು ಎಂಬ ಸಂಖ್ಯೆಗೂ ಅರ್ಥವಿದೆ: ಮೇಲೆ ಕೆಳಗೆ ಒಂದಕ್ಕೊಂದು ತಾಗುವಂತೆ ಅಷ್ಟು ಹಲ್ಲುಗಳಿದ್ದರೆ ಸಾಮಾನ್ಯ ಊಟಕ್ಕೆ ಕೃತಕ ಹಲ್ಲಿನ ಅಗತ್ಯವೇ ಬೀಳುವುದಿಲ್ಲ. ನಿಮ್ಮ ತಾಯಿಯವರಿಗೆ 72ರಲ್ಲಿಯೂ 17 ಹಲ್ಲುಗಳಿವೆ. ಅವರದು ಕೈಬಿಡುವಂಥ ಬಾಯಿಯಲ್ಲ.

ಅಲುಗಾಡುವ ಹಲ್ಲುಗಳ ವಿಷಯಕ್ಕೆ ಬರೋಣ. ಹಲ್ಲು ನಿಂತಿರುವುದು ದವಡೆಯ ಮೂಳೆಯಲ್ಲಿ. ಹಲ್ಲಿನ ಬುಡದಲ್ಲಿ ಪಾಚಿ ಸೇರಿ, ಗಟ್ಟಿಯಾಗಿ, ವಸಡಿನ ಕೆಳಗೆ ಇಳಿದಾಗ ಅಲ್ಲಿ ಉರಿಯೂತ ಆರಂಭವಾಗಿ, ಮೂಳೆ ವರ್ಷಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದ ದನದ ಗೂಟದಂತೆ ಹಲ್ಲು ಸಡಿಲಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಲ್ಲಿ ಈ ಕರಗುವಿಕೆ ಬೇಗ ಸಾಗುತ್ತದೆ. ಇದರ ಇನ್ನೊಂದು ಮುಖವನ್ನು ಜನರಿಗೆ ಹೇಳುವವರು ಕಡಿಮೆ: ವಸಡಿನ ಸೋಂಕು ದೇಹದಲ್ಲಿ ಉರಿಯೂತವನ್ನು ಜೀವಂತವಾಗಿಟ್ಟು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುವುದರಿಂದ, ಶುಗರ್ ಇಳಿಯುವುದೂ ಕಷ್ಟವಾಗುತ್ತದೆ. ವಸಡಿನ ಚಿಕಿತ್ಸೆ ಚೆನ್ನಾಗಿ ಆದವರಲ್ಲಿ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪ್ರಮಾಣವು 0.3ರಿಂದ 0.4ರಷ್ಟು ಇಳಿಯುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ನೋಡಲು ಸಣ್ಣ ಸಂಖ್ಯೆ, ಆದರೆ ಇನ್ನೊಂದು ಮಾತ್ರೆ ಸೇರಿಸುವುದನ್ನು ಕೆಲವರಲ್ಲಿ ತಪ್ಪಿಸುವಷ್ಟು ದೊಡ್ಡದು.

ಅಲುಗಾಡುವ ಹಲ್ಲೆಲ್ಲ ಹೋಗಲೇಬೇಕೆಂದೂ ಇಲ್ಲ. ಹಿಂದೆ ಮುಂದೆ ಒಂದು ಮಿಲಿಮೀಟರಿನಷ್ಟು ಅಲುಗಿದರೆ, ವಸಡಿನ ಕೆಳಗಿನವರೆಗೂ ಶುಚಿಗೊಳಿಸಿ, ಆರರಿಂದ ಎಂಟು ವಾರ ಕಾದು, ಮತ್ತೆ ನೋಡಬೇಕು. ಬಾವು ಇಳಿದ ಮೇಲೆ ಹಲವು ಹಲ್ಲುಗಳು ಸ್ವಲ್ಪ ಬಿಗಿಯಾಗುತ್ತವೆ. ಕರಗಿದ ಮೂಳೆ ಬಹುಮಟ್ಟಿಗೆ ಮರಳಿ ಬರುವುದಿಲ್ಲ, ಆದರೆ ಇನ್ನಷ್ಟು ಕರಗುವುದು ನಿಲ್ಲುತ್ತದೆ. ಹಲ್ಲನ್ನು ಬೆರಳಿನಿಂದ ಒತ್ತಿದರೆ ಕೆಳಕ್ಕೆ ಇಳಿದು ಮೇಲೆ ಬರುವಂತಿದ್ದರೆ ಮಾತ್ರ ಅದನ್ನು ಉಳಿಸುವ ಆಸೆಯನ್ನು ಬಿಡಬೇಕಾಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಇದ್ದ ಹಲ್ಲೂ ಸಡಿಲಾಗುತ್ತವೆ ಎಂದು ನಿಮ್ಮ ಊರಿನಲ್ಲಿ ಯಾರಾದರೂ ಹೇಳಿಯಾರು. ಕಲ್ಲಿನಂತೆ ಗಟ್ಟಿಯಾದ ಕಿಟ್ಟವು ಹಲ್ಲುಗಳ ನಡುವೆ ಸಿಮೆಂಟಿನಂತೆ ಕೂತು ಸಡಿಲವನ್ನು ಮರೆಮಾಡಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲವು ಗೊತ್ತಾಗುತ್ತದೆ, ಕೆಲವು ದಿನ ತಣ್ಣನೆಯ ನೀರಿಗೆ ಜುಮ್ಮೆನ್ನುವುದೂ ಉಂಟು.

ಇನ್ನು, ಎಲ್ಲ ಹಲ್ಲನ್ನೂ ಕೀಳಿಸಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಫುಲ್ ಸೆಟ್ ಎಂದರೆ ಹೊಸ ಹಲ್ಲು ಬಂದಂತೆಯೇ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಪೂರ್ಣ ದಂತಪಂಕ್ತಿಯಿಂದ ಅಗಿಯುವ ಬಲವು ಸ್ವಂತ ಹಲ್ಲಿನ ಬಲದ ನಾಲ್ಕನೇ ಅಥವಾ ಐದನೇ ಒಂದು ಭಾಗದಷ್ಟು ಮಾತ್ರ. ಹಲ್ಲು ಹೋದ ಕೂಡಲೇ ಅದನ್ನು ಹಿಡಿದಿದ್ದ ದವಡೆಯ ದಿಬ್ಬಕ್ಕೆ ಕೆಲಸ ತಪ್ಪಿ ಅದು ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಅತಿ ಹೆಚ್ಚಾಗಿ, ಆಮೇಲೆ ನಿಧಾನವಾಗಿ, ಆದರೆ ಜೀವಮಾನವಿಡೀ. ಮೇಲಿನ ಸೆಟ್ಟು ಅಂಗುಳಿಗೆ ಅಂಟಿಕೊಂಡು ಹೇಗೋ ನಿಲ್ಲುತ್ತದೆ. ಕೆಳಗಿನದಕ್ಕೆ ಅಂಥ ಆಸರೆಯಿಲ್ಲ, ನಾಲಿಗೆ ಅದನ್ನು ಹೊತ್ತಿಗೊಮ್ಮೆ ಎತ್ತಿ ಹಾಕುತ್ತದೆ, ಮೇಲಾಗಿ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದೆ. ಸೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮದುವೆ-ಮುಂಜಿಗೆ ಮಾತ್ರ ಹಾಕಿಕೊಳ್ಳುವ ಹಿರಿಯರು ಪ್ರತಿ ಊರಿನಲ್ಲೂ ಸಿಗುವುದು ಇದೇ ಕಾರಣಕ್ಕೆ.

ಆದ್ದರಿಂದ ಕೆಳಗಿನ ಕೋರೆಹಲ್ಲುಗಳ ಬಗ್ಗೆ ವಿಶೇಷವಾಗಿ ಕೇಳಿ ತಿಳಿದುಕೊಳ್ಳಿ. ಅವುಗಳ ಬೇರು ಉದ್ದ. ಸುತ್ತಲಿನ ಹಲ್ಲುಗಳು ಹೋದರೂ ಇವೆರಡು ಕಡೆಗೆ ಉಳಿಯುವುದುಂಟು. ಉಳಿದವನ್ನೆಲ್ಲ ತೆಗೆಯಲೇಬೇಕಾಗಿ ಬಂದರೂ ಈ ಎರಡಕ್ಕೆ ಬೇರಿನ ಚಿಕಿತ್ಸೆ (ರೂಟ್ ಕೆನಾಲ್) ಮಾಡಿ, ವಸಡಿನ ಮಟ್ಟಕ್ಕೆ ಗಿಡ್ಡ ಮಾಡಿ, ಅವುಗಳ ಮೇಲೆಯೇ ಸೆಟ್ಟನ್ನು ಕೂರಿಸಬಹುದು. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ವರ್ಷಗಳ ನಂತರ ನೋಡಿದಾಗ, ಹೀಗೆ ಕೋರೆಹಲ್ಲಿನ ಬೇರು ಉಳಿಸಿಕೊಂಡವರ ಕೆಳದವಡೆಯ ಮುಂಭಾಗದ ಮೂಳೆ ಸರಾಸರಿ 0.6 ಮಿಲಿಮೀಟರ್ ಕರಗಿದ್ದರೆ, ಎಲ್ಲವನ್ನೂ ಕೀಳಿಸಿ ಮಾಮೂಲಿ ಸೆಟ್ಟು ಹಾಕಿಸಿಕೊಂಡವರಲ್ಲಿ 5.2 ಮಿಲಿಮೀಟರ್ ಕರಗಿತ್ತು. ಈ ಒಂದು ವ್ಯತ್ಯಾಸದ ಮೇಲೆಯೇ ಮುಂದಿನ ಹತ್ತು-ಹದಿನೈದು ವರ್ಷ ಸೆಟ್ಟು ಬಾಯಲ್ಲಿ ನಿಲ್ಲುವುದೋ ಇಲ್ಲವೋ ಎಂಬುದು ನಿಂತಿದೆ. ಸ್ವಂತ ಬೇರು ಉಳಿಯದವರಿಗೆ ಇದೇ ಕೆಲಸವನ್ನು ಎರಡು ಇಂಪ್ಲಾಂಟ್‌ಗಳು, ಅಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರುಗಳು, ಮಾಡುತ್ತವೆ, ಆದರೆ ಅವುಗಳ ವೆಚ್ಚವೇ ಬೇರೆ.

ಎಲ್ಲ ಕೀಳಿಸಿ ಎಂದ ವೈದ್ಯರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಮತ್ತೆ ಮತ್ತೆ ಬಸ್ಸು ಹತ್ತಿ ಬರಲಾಗದ ಹಿರಿಯರಿಗೆ, ಹಲ್ಲುಗಳೆಲ್ಲ ನಿಜಕ್ಕೂ ಕೆಟ್ಟಿದ್ದಾಗ, ಒಮ್ಮೆಗೆ ಮುಗಿಸುವುದು ದಯೆಯ ದಾರಿಯೇ ಆಗಿರಬಹುದು. ಆದರೆ ಆ ನಿರ್ಧಾರಕ್ಕೆ ಮುನ್ನ ಇಡೀ ಬಾಯಿಯ ಎಕ್ಸ್‌ರೇ ಮತ್ತು ಪ್ರತಿ ಹಲ್ಲಿನ ಸುತ್ತ ವಸಡಿನ ಆಳದ ಅಳತೆ ಆಗಿರಬೇಕು. ನಿಮ್ಮ ಪತ್ರದಲ್ಲಿ ಎಕ್ಸ್‌ರೇ ತೆಗೆದ ಮಾತೇ ಇಲ್ಲ.

ಈಗ ಒಣಗುವ ಬಾಯಿಯ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ತಾಯಿಯವರ ತೊಂದರೆಯ ಮುಖ್ಯ ಗಂಟು ಇಲ್ಲಿದೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಯುತ್ತದೆ. ಅದು ಆಮ್ಲವನ್ನು ತೊಳೆಯುತ್ತದೆ, ಹಲ್ಲಿಗೆ ಕ್ಯಾಲ್ಸಿಯಂ ಮರಳಿಸುತ್ತದೆ, ಬೂಸ್ಟನ್ನು ಹತೋಟಿಯಲ್ಲಿಡುತ್ತದೆ. ಅಮಿಟ್ರಿಪ್ಟಿಲಿನ್ ಮಾತ್ರೆಯು ಕಾಲುರಿಯನ್ನು ತಗ್ಗಿಸುವುದರ ಜೊತೆಗೆ ಜೊಲ್ಲಿನ ಗ್ರಂಥಿಗಳಿಗೆ ಬರುವ ನರಗಳ ಸೂಚನೆಯನ್ನೂ ತಡೆಯುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳು, ನೆಗಡಿಯ ಮಾತ್ರೆಗಳು, ಮೂತ್ರ ತಡೆಯಲಾಗದವರಿಗೆ ಕೊಡುವ ಕೆಲವು ಮಾತ್ರೆಗಳು ಕೂಡ ಬಾಯಿ ಒಣಗಿಸುತ್ತವೆ, ಶುಗರ್ ಏರಿದಾಗ ತಾನಾಗಿಯೇ ಒಣಗುತ್ತದೆ. ಒಣಗಿದ ಬಾಯಿಗೆ ಕಲ್ಲುಸಕ್ಕರೆ ಇಟ್ಟುಕೊಂಡಾಗ ಕ್ಷಣಕಾಲ ಹಿತವೆನಿಸುತ್ತದೆ ನಿಜ, ಆದರೆ ಅದು ಕರಗುವಷ್ಟು ಹೊತ್ತೂ ಸೂಕ್ಷ್ಮಾಣುಗಳು ಆಮ್ಲ ತಯಾರಿಸುತ್ತಿರುತ್ತವೆ. ವಯಸ್ಸಿನಲ್ಲಿ ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುತ್ತಿರುತ್ತದೆ. ಬೇರಿನ ಮೇಲೆ ಎನಾಮೆಲ್ ಕವಚವಿಲ್ಲ. ಆಮ್ಲ ಹೆಚ್ಚಿದಷ್ಟೂ ಪಿಎಚ್ ಎಂಬ ಅಳತೆ ಇಳಿಯುತ್ತದೆ. ಎನಾಮೆಲ್ ಕರಗಲು ಬಾಯಿಯ ಪಿಎಚ್ 5.5ರವರೆಗೆ ಇಳಿಯಬೇಕು, ಬೇರು ಕರಗಲು ಸುಮಾರು 6.5ಕ್ಕೆ ಇಳಿದರೂ ಸಾಕು. ದವಡೆ ಹಲ್ಲುಗಳು ಬುಡದಲ್ಲಿಯೇ ಕಪ್ಪಾಗಿರುವುದು ಈ ಕಥೆಯನ್ನೇ ಹೇಳುತ್ತಿದೆ.

ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದನ್ನು ಬರೆದುಕೊಟ್ಟ ವೈದ್ಯರ ಬಳಿ ಹೋಗಿ, ಬಾಯಿ ಒಣಗಿ ಹಲ್ಲು ಹುಳುಕಾಗುತ್ತಿವೆ ಎಂದು ಸ್ಪಷ್ಟವಾಗಿ ಹೇಳಿದರೆ, ಪ್ರಮಾಣ ತಗ್ಗಿಸುವುದೋ ಬೇರೆ ಮಾತ್ರೆಗೆ ಬದಲಿಸುವುದೋ ಎಂದು ಅವರು ನೋಡುತ್ತಾರೆ. ಅಲ್ಲಿಯವರೆಗೆ ಕಲ್ಲುಸಕ್ಕರೆ ಬಿಡಿಸಿ, ಪಕ್ಕದಲ್ಲಿ ನೀರಿನ ತಂಬಿಗೆಯಿಟ್ಟು ಗುಟುಕು ಗುಟುಕಾಗಿ ಕುಡಿಯಲು ಹೇಳಿ. ಸಕ್ಕರೆ ಹಾಕಿದ ಚಹಾವನ್ನು ದಿನವಿಡೀ ಅಷ್ಟಷ್ಟೇ ಕುಡಿಯುವುದಕ್ಕಿಂತ, ಬಿಡಲಾಗದಿದ್ದರೆ, ಊಟ-ತಿಂಡಿಯ ಹೊತ್ತಿಗೆ ಒಮ್ಮೆಲೆ ಕುಡಿದು ಬಾಯಿ ಮುಕ್ಕಳಿಸುವುದು ವಾಸಿ. ಬೇರಿನ ಹುಳುಕು ಇನ್ನೂ ಆಳಕ್ಕೆ ಹೋಗಿರದಿದ್ದರೆ, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಅದನ್ನು ಇದ್ದಲ್ಲಿಯೇ ನಿಲ್ಲಿಸಬಹುದು. ಸೂಜಿಯಿಲ್ಲ, ಕೊರೆಯುವುದಿಲ್ಲ, ಆ ಜಾಗ ಕಾಯಂ ಕಪ್ಪಾಗಿ ಉಳಿಯುತ್ತದೆ ಎಂಬುದೊಂದೇ ಅದರ ಕೊರತೆ, ಹಿಂದಿನ ದವಡೆ ಹಲ್ಲಿಗೆ ಅದು ದೊಡ್ಡ ಮಾತೇನಲ್ಲ.

ಕಂದು ಗೆರೆಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗದಗ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನು ಮೀರಿದೆ. ಈ ಕಲೆಗಳು ಹಲ್ಲು ಮೂಳೆಯೊಳಗೆ ರೂಪುಗೊಳ್ಳುವ ಎಳೆವಯಸ್ಸಿನಲ್ಲಿಯೇ ಮೂಡುವಂಥವು. ಈಗಿನ ಸಡಿಲಕ್ಕೂ ಅವಕ್ಕೂ ಸಂಬಂಧವಿಲ್ಲ, ಕೀಳಿಸಲು ಅವು ಕಾರಣವೂ ಅಲ್ಲ. ಆದರೆ ಈ ನೆಪದಲ್ಲಿ ಒಂದು ತಪ್ಪು ತಿಳಿವಳಿಕೆ ನಿಮ್ಮ ಭಾಗದಲ್ಲಿ ಹಬ್ಬಿದೆ: ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿದೆ, ಆದ್ದರಿಂದ ಫ್ಲೋರೈಡ್ ಪೇಸ್ಟ್ ಬೇಡ ಎಂದು. ಕುಡಿದ ಫ್ಲೋರೈಡ್ ಮೂಳೆ ಸೇರುತ್ತದೆ; ಹಲ್ಲಿಗೆ ಹಚ್ಚಿ ಉಗುಳುವ ಪೇಸ್ಟಿನದು ಹಲ್ಲಿನ ಮೇಲ್ಮೈಯಲ್ಲಿಯೇ ಕೆಲಸ ಮಾಡುತ್ತದೆ. ಬಾಯಿ ಒಣಗುವ ಹಿರಿಯರಿಗೆ ಅದು ಬೇಕೇ ಬೇಕು. ಕುಡಿಯುವ ನೀರನ್ನು ಊರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿರಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಮತ್ತಷ್ಟು ದಟ್ಟವಾಗುತ್ತದೆ.

ಎಲೆ-ಅಡಿಕೆ, ತಂಬಾಕನ್ನು ತಾವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ತಂದ ವಾಕ್ಯ ಅದು. ತಂಬಾಕು ವಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗವಿದ್ದರೂ ರಕ್ತ ಬರುವುದು ಕಡಿಮೆಯಾಗಬಹುದು, ಹಾಗಾಗಿ ವಸಡು ಚೆನ್ನಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬಾಯಿಯ ಕ್ಯಾನ್ಸರ್. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿಯೇ ಪ್ರಕಟಿಸಿದೆ. ಹಗಲಿನ ಬೆಳಕಿನಲ್ಲಿ ಅಥವಾ ಬ್ಯಾಟರಿ ಹಿಡಿದು ಕೆನ್ನೆಯ ಒಳಭಾಗ, ತಂಬಾಕು ಇಟ್ಟುಕೊಳ್ಳುವ ವಸಡಿನ ಮೂಲೆ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗಿನ ಜಾಗವನ್ನು ನೋಡಿರಿ. ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬೆರಳಿಗೆ ಸಿಗುವ ಗಡಸು ಗಂಟು ಇದ್ದರೆ ಅಥವಾ ಖಾರ ತಗಲಿದಾಗ ಬಾಯಿ ವಿಪರೀತ ಉರಿಯುತ್ತಿದ್ದರೆ, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸುವಷ್ಟು ಬಾಯಿ ತೆರೆಯದಿದ್ದರೆ, ಸೆಟ್ಟಿನ ಮಾತನ್ನು ಬದಿಗಿಟ್ಟು ಮೊದಲು ಅದನ್ನು ತೋರಿಸಿರಿ. ನೋವಿಲ್ಲ ಎಂಬುದು ಧೈರ್ಯದ ಸಂಗತಿಯಲ್ಲ. ಬಾಯಿಯ ಕ್ಯಾನ್ಸರ್ ಆರಂಭದಲ್ಲಿ ನೋಯುವುದು ಕಡಿಮೆ. ಅಲುಗಾಡುವ ಹಲ್ಲಿನ ಪಕ್ಕದಲ್ಲಿಯೇ ಇಂಥ ಹುಣ್ಣಿದ್ದಾಗ, ಪರೀಕ್ಷಿಸದೆ ಹಲ್ಲು ಕಿತ್ತು ತಿಂಗಳುಗಟ್ಟಲೆ ಗಾಯ ಮಾಯಲೆಂದು ಕಾಯುವುದು ಅತ್ಯಂತ ಅಪಾಯದ ಸಂಗತಿ. ಹಳೆಯ ರೂಢಿಯನ್ನು ಬೈದು ಬಿಡಿಸಲಾಗದು. ಆದರೆ ಮೊದಲು ತಂಬಾಕು, ಆಮೇಲೆ ಅಡಿಕೆ, ಬಾಯಿಗೆ ಬಡೇಸೋಪು ಅಥವಾ ಲವಂಗ ಎಂದು ಹಂತ ಹಂತವಾಗಿ ಬಿಡಿಸಿದವರನ್ನು ನಾನು ಬಲ್ಲೆ.

ದೊಡ್ಡಪ್ಪನವರ ಮಾತಿಗೆ ಉತ್ತರ ಸರಳ. ಹಲ್ಲಿಗೆ ಹೋಗುವ ನರವು ಮೆದುಳಿನಿಂದ ಹೊರಡುವ ಕಪಾಲ ನರಗಳಲ್ಲಿ ಐದನೆಯದರ ಕವಲು. ದೃಷ್ಟಿಯ ನರ ಎರಡನೆಯದು, ಅದರ ದಾರಿಯೇ ಬೇರೆ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಹೋಗುವುದಿಲ್ಲ. ಹಲ್ಲು ಕೀಳಿಸುವ ವಯಸ್ಸಿನಲ್ಲಿಯೇ ಕಣ್ಣಿಗೆ ಪೊರೆಯೂ ಬರುವುದರಿಂದ ಎರಡಕ್ಕೂ ನಂಟು ಕಟ್ಟಿದ್ದಾರೆ. ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಪರದೆಗೆ ತೊಂದರೆಯಾಗುವುದು ಮಾತ್ರ ನಿಜ. ವರ್ಷಕ್ಕೊಮ್ಮೆ ಕಣ್ಣು ತೋರಿಸಿರಿ, ಕಣ್ಣಿನ ದೋಷವನ್ನು ಹಲ್ಲಿನ ಮೇಲೆ ಹಾಕಬೇಡಿರಿ.

ನಿಜವಾಗಿ ಜಾಗ್ರತೆ ಬೇಕಾದದ್ದು ಮಾತ್ರೆಗಳ ವಿಷಯದಲ್ಲಿ. ಹಲ್ಲು ಕೀಳಿಸಲು ಆಸ್ಪಿರಿನ್ ನಿಲ್ಲಿಸಿ ಬನ್ನಿ ಎಂಬ ಹಳೆಯ ಪದ್ಧತಿ ಈಗ ಇಲ್ಲ. ರಕ್ತ ಸ್ವಲ್ಪ ಹೊತ್ತು ಹೆಚ್ಚು ಜಿನುಗಿದರೆ ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿದಾಗ ಹೃದಯದಲ್ಲಿ ಅಥವಾ ಮೆದುಳಿನಲ್ಲಿ ಹೆಪ್ಪುಗಟ್ಟಿದರೆ ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ಎರಡೆರಡು ಮಾತ್ರೆ ನುಂಗುವವರಿಗಂತೂ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಇನ್ನೊಂದು ಸಂಗತಿಯನ್ನು ವೈದ್ಯರು ಕೇಳದಿದ್ದರೂ ತಾವೇ ಹೇಳಿರಿ: ಮೂಳೆ ಸವೆತಕ್ಕೆಂದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನೋ, ವರ್ಷಕ್ಕೊಂದು ಜೊಲೆಡ್ರಾನಿಕ್ ಆಮ್ಲದ ಸೂಜಿಯನ್ನೋ ಯಾವಾಗಲಾದರೂ ಪಡೆದಿದ್ದರೆ, ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಬೆತ್ತಲಾಗಿ ಉಳಿಯುವ ಅಪರೂಪದ ತೊಂದರೆಗೆ ಅವಕಾಶವಿರುತ್ತದೆ. ಅಂಥವರಲ್ಲಿ ಹಲ್ಲು ಉಳಿಸಿಕೊಳ್ಳುವ ಪ್ರಯತ್ನವೇ ಮೊದಲು. ಬಿಪಿಗೆ ಕೊಡುವುದು ಅಮ್ಲೊಡಿಪಿನ್ ಆಗಿದ್ದು ವಸಡು ಉಬ್ಬಿಕೊಂಡಿದ್ದರೆ, ಆ ಉಬ್ಬಿಗೂ ಮಾತ್ರೆಯೇ ಕಾರಣವಿರಬಹುದು.

ಉಳಿಯಲಾಗದ ಹಲ್ಲುಗಳನ್ನು ತೆಗೆದ ಮೇಲೆ ಖಾಲಿ ಜಾಗಕ್ಕೆ ಏನು ಹಾಕಿಸಬೇಕು ಎಂಬುದು ಕೊನೆಯ ಪ್ರಶ್ನೆ. ಉಳಿದ ಹಲ್ಲಿಗೆ ಕೊಕ್ಕೆ ಹಾಕಿ ನಿಲ್ಲಿಸುವ, ತೆಗೆದು ಹಾಕುವ ಭಾಗಶಃ ಸೆಟ್ಟು ನಿಮ್ಮ ತಾಯಿಯವರಿಗೆ ಹೊಂದಬಹುದು. ಅಕ್ರಿಲಿಕ್‌ನದು ಅಗ್ಗ, ಲೋಹದ ಚೌಕಟ್ಟಿನದು ತೆಳು ಮತ್ತು ಬಾಳಿಕೆಯದು. ಸಂತೆಯಲ್ಲಿ, ಬಸ್‌ ನಿಲ್ದಾಣದ ಬದಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಫಿಕ್ಸ್ ಹಲ್ಲು ಕೂರಿಸಿಕೊಡುವವರ ಬಳಿ ದಯವಿಟ್ಟು ಹೋಗಬೇಡಿರಿ. ಅವರು ಅಕ್ರಿಲಿಕ್ ಹಿಟ್ಟನ್ನು ಪಕ್ಕದ ಹಲ್ಲಿಗೆ ಮೆತ್ತಿ ಗಟ್ಟಿ ಮಾಡುತ್ತಾರೆ. ಅದರ ಕೆಳಗೆ ಕೂಳು ಕೊಳೆತು ಒಳ್ಳೆಯ ಹಲ್ಲುಗಳೂ ಹಾಳಾಗುತ್ತವೆ. ಖರ್ಚಿನ ಚಿಂತೆಯಿದ್ದರೆ, ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತಪಂಕ್ತಿಯನ್ನು ಉಚಿತವಾಗಿ ಕೊಡಲು ರಾಜ್ಯ ಸರ್ಕಾರವು 2014-15ರ ಸಾಲಿನಲ್ಲಿ ದಂತ ಭಾಗ್ಯ ಯೋಜನೆಯನ್ನು ಆರಂಭಿಸಿತು. ರೋಣದ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಗದಗಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ದಂತ ವಿಭಾಗದಲ್ಲಿ ಪಡಿತರ ಚೀಟಿ ಮತ್ತು ಆಧಾರ್ ತೋರಿಸಿ, ಈಗಿನ ನಿಯಮವನ್ನು ವಿಚಾರಿಸಿರಿ. ಹುಬ್ಬಳ್ಳಿ-ಧಾರವಾಡದ ನಡುವೆ ಸತ್ತೂರಿನಲ್ಲಿರುವ ದಂತ ವೈದ್ಯಕೀಯ ಕಾಲೇಜಿನಂಥ ಕಡೆ ವಸಡಿನ ತಜ್ಞರು, ಬೇರಿನ ಚಿಕಿತ್ಸೆಯವರು, ಸೆಟ್ಟು ಮಾಡುವವರು ಒಂದೇ ಸೂರಿನಡಿ ಸಿಗುತ್ತಾರೆ. ನಿಮ್ಮ ತಾಯಿಯವರಂಥ ಬಾಯಿಗೆ ಒಬ್ಬರ ಅಭಿಪ್ರಾಯ ಸಾಲದು.

ಸೆಟ್ಟು ಬಂದ ಮೇಲೆ ರಾತ್ರಿ ಅದನ್ನು ತೆಗೆದು, ಬ್ರಷ್ಷಿನಿಂದ ತಿಕ್ಕಿ, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ. ಜಪಾನಿನಲ್ಲಿ 85 ದಾಟಿದವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಸಂಭವ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಸಕ್ಕರೆ ಕಾಯಿಲೆ ಮತ್ತು ಒಣಬಾಯಿ ಎರಡೂ ಇರುವವರ ಅಂಗುಳಿನಲ್ಲಿ ಸೆಟ್ಟಿನ ಅಡಿ ಬೂಸ್ಟು ಬೆಳೆದು ಕೆಂಪಾಗುವುದು ಬಹಳ ಸಾಮಾನ್ಯ. ಮೊದಲ ಎರಡು ವಾರ ನುಚ್ಚು, ಮೆತ್ತನೆಯ ಅನ್ನ, ಬೇಳೆ. ಆಮೇಲೆ ಹೆಂಚಿನಿಂದ ಇಳಿಸಿದ ಬಿಸಿ ರೊಟ್ಟಿಯನ್ನು ಸಣ್ಣ ತುತ್ತು ಮಾಡಿ ಪಲ್ಯದ ಜೊತೆ, ಎರಡೂ ಬದಿಯಿಂದ ಅಗಿಯುವ ಅಭ್ಯಾಸ. ಕಡಕ್ ರೊಟ್ಟಿಯ ಭರವಸೆಯನ್ನು ನಾನು ಕೊಡಲಾರೆ. ಆದರೆ ಹಾಲಿನಲ್ಲಿ ನೆನೆಸಿದ ರೊಟ್ಟಿಯಲ್ಲಿಯೇ ದಿನ ಕಳೆಯುವವರ ತಟ್ಟೆಯಿಂದ ಕಾಳು, ಸೊಪ್ಪು, ಶೇಂಗಾ ಎಲ್ಲವೂ ಮಾಯವಾಗಿ ಶಕ್ತಿ ಕುಂದುತ್ತದೆ. ಸೆಟ್ಟು ಬರುವವರೆಗೂ ಮೊಳಕೆ ಕಾಳನ್ನು ಬೇಯಿಸಿ ಅರೆದು, ಶೇಂಗಾವನ್ನು ಹಿಂಡಿ ಮಾಡಿ ಮೊಸರಿನಲ್ಲಿ ಕಲಸಿ ಕೊಡಿರಿ.

ಉಳಿದ ಹಲ್ಲುಗಳ ದಿನನಿತ್ಯದ ಆರೈಕೆ ಮನೆಯವರ ಕೈಯಲ್ಲಿದೆ. ಮೃದು ಬ್ರಷ್ಷು, ಫ್ಲೋರೈಡ್ ಪೇಸ್ಟು, ದಿನಕ್ಕೆರಡು ಸಲ. ರಾತ್ರಿ ಮಲಗುವಾಗಿನದನ್ನು ಎಂದೂ ತಪ್ಪಿಸಬಾರದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಮತ್ತಷ್ಟು ಕಡಿಮೆಯಾಗುತ್ತದೆ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, ಕೆಂಪು ಹಲ್ಲುಪುಡಿಗಳು ಬೇರನ್ನು ಸವೆಸುತ್ತವೆ. ಕೈ ನಡುಗಿದರೆ ಅಥವಾ ಹಿಡಿತ ಸಾಲದಿದ್ದರೆ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ಇಲ್ಲವೆ ಸೈಕಲ್ ಹ್ಯಾಂಡಲಿನ ರಬ್ಬರ್ ತೊಡಿಸಿ ದಪ್ಪ ಮಾಡಿಕೊಡಿರಿ.

ಇವುಗಳನ್ನು ಯಾವ ಕ್ರಮದಲ್ಲಿ ಮಾಡಬೇಕೆಂದರೆ, ಈ ವಾರವೇ ಬಾಯಿಯ ಒಳಗನ್ನು ನೋಡಿ, ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳ ಚೀಟಿಗಳನ್ನು, ಇಲ್ಲವೆ ಮಾತ್ರೆ ಮುಗಿದ ಖಾಲಿ ಪಟ್ಟಿಗಳನ್ನಾದರೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿರಿ. ಮೊದಲ ಭೇಟಿಯಲ್ಲಿ ಎಕ್ಸ್‌ರೇ ಮತ್ತು ಪರೀಕ್ಷೆ, ಆಮೇಲೆ ವಸಡಿನ ಶುಚಿ, ಎರಡು ತಿಂಗಳ ನಂತರ ಮರುಪರೀಕ್ಷೆ, ಅದರ ಮೇಲೆ ಕೀಳುವ ತೀರ್ಮಾನ. ಕೀಳಿಸುವ ದಿನ ಉಪವಾಸ ಹೋಗುವುದು ಬೇಡ. ತಿಂಡಿ ತಿಂದು, ಶುಗರ್ ಮತ್ತು ಬಿಪಿ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡು ಬೆಳಗಿನ ಹೊತ್ತಿಗೇ ತಲುಪಬೇಕು, ರಕ್ತ ಜಿನುಗಿದರೆ ಅಲ್ಲಿಯೇ ತೋರಿಸಲು ಇಡೀ ಹಗಲು ಕೈಯಲ್ಲಿರುತ್ತದೆ. ಕಿತ್ತ ಮೇಲೆ ಹತ್ತಿಯನ್ನು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಬೇಕು. ಆ ದಿನ ಉಗುಳುವುದು, ಮುಕ್ಕಳಿಸುವುದು, ಬಿಸಿ ಚಹಾ, ಎಲೆ-ಅಡಿಕೆ ಯಾವುದೂ ಕೂಡದು. ತಣ್ಣನೆಯ ಮೊಸರನ್ನ ಸಾಕು. ರೋಣಕ್ಕೆ ಹೊರಡುವ ಮುನ್ನ ಗಾಯವನ್ನು ಇನ್ನೊಮ್ಮೆ ವೈದ್ಯರಿಗೆ ತೋರಿಸಿ, ರಾತ್ರಿ ರಕ್ತ ಬಂದರೆ ಎಲ್ಲಿಗೆ ಕರೆ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿರಿ.